ಕಾರಿನ ಆಂಟೆನಾ ಮತ್ತು ನೆಲದ ನಷ್ಟ: ಅರಸೀಕೆರೆ–ಬೇಲೂರು ದಾರಿಯ ಒಂದು ಲೆಕ್ಕಾಚಾರ

ಅರಸೀಕೆರೆಯಿಂದ ಹಳೇಬೀಡು ಹಾದು ಬೇಲೂರಿಗೆ ಹೊರಟರೆ ತೆಂಗಿನ ತೋಟಗಳ ಒಣ ಬಯಲು ಹಿಂದೆ ಸರಿದು ಮಲೆನಾಡಿನ ಸೆರಗು ಆರಂಭವಾಗುತ್ತದೆ. ಮಣ್ಣಿನ ತೇವ ಬದಲಾದಂತೆ ಅದರ ವಿದ್ಯುದ್ವಾಹಕತೆಯೂ ಬದಲಾಗುತ್ತದೆ. ಕಾರಿನಲ್ಲಿ ಹ್ಯಾಮ್ ರೇಡಿಯೋ ಇಟ್ಟುಕೊಂಡವರಿಗೆ ಇದು ಮುಖ್ಯವಾದ ಸಂಗತಿ, ಏಕೆಂದರೆ ಆಂಟೆನಾದ ಅರ್ಧ ಭಾಗ ಕಾರಿನ ಮೈ ಮತ್ತು ಅದರಡಿಯ ನೆಲವೇ ಆಗಿರುತ್ತದೆ.

7.1 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗದ ಉದ್ದ ಸುಮಾರು 10.5 ಮೀಟರ್. ಕಾರಿನ ಮೇಲೆ ನಿಲ್ಲುವ ಕಡ್ಡಿ ಹೆಚ್ಚೆಂದರೆ 2.5 ಮೀಟರ್. ಇಷ್ಟು ಗಿಡ್ಡ ಕಡ್ಡಿಯ ವಿಕಿರಣ ರೋಧ ಸುಮಾರು 1.4 ಓಮ್ ಮಾತ್ರ. ಅದರ ಧಾರಣೆ 25 ಪಿಕೋಫ್ಯಾರಡ್ ಎಂದುಕೊಂಡರೆ, ಅದರಿಂದ ಬರುವ ಸುಮಾರು 900 ಓಮ್ ಪ್ರತಿಘಾತವನ್ನು ಬುಡದ ಸುರುಳಿ ರದ್ದುಮಾಡಬೇಕು. ಸುರುಳಿಯ ಕ್ಯೂ (ಪ್ರತಿಘಾತಕ್ಕೂ ನಷ್ಟದ ರೋಧಕ್ಕೂ ಇರುವ ಅನುಪಾತ) 200 ಇದ್ದರೂ ಅದರೊಳಗೇ 4.5 ಓಮ್ ನಷ್ಟ.

ಇನ್ನು ನೆಲದ ಪಾಲು. ಒಣ ಮಣ್ಣಿನಲ್ಲಿ ನಷ್ಟ 12 ಓಮ್, ತೇವದ ಮಣ್ಣಿನಲ್ಲಿ 7 ಓಮ್ ಎಂದು ಊಹಿಸಿಕೊಳ್ಳೋಣ. ಒಟ್ಟು ರೋಧ ಒಣ ನೆಲದಲ್ಲಿ ಸುಮಾರು 18, ತೇವದಲ್ಲಿ 13 ಓಮ್. 50 ಓಮ್ ಕೇಬಲ್‌ಗೆ ನೇರವಾಗಿ ಜೋಡಿಸಿದರೆ ಎಸ್‌ಡಬ್ಲ್ಯುಆರ್ ಮೀಟರ್ (1 ಎಂದರೆ ಪೂರ್ಣ ಹೊಂದಿಕೆ) ಒಣ ನೆಲದಲ್ಲಿ 2.8, ತೇವದಲ್ಲಿ 3.9 ತೋರುತ್ತದೆ. ಆದರೆ ಆಂಟೆನಾಕ್ಕೆ 100 ವಾಟ್ ತಲುಪಿದಾಗ ಗಾಳಿಗೆ ಹೊರಡುವುದು ಒಣ ನೆಲದಲ್ಲಿ 8 ವಾಟ್, ತೇವದಲ್ಲಿ 11. ಮೀಟರ್ ಕೆಟ್ಟದೆಂದು ಹೇಳಿದ ಕಡೆಯೇ ಆಂಟೆನಾ ಚೆನ್ನಾಗಿ ದುಡಿಯುತ್ತಿದೆ! ಹೊಂದಿಕೆಯ ಯಾವ ಸಾಧನವೂ ಇಲ್ಲದೆ ಇಂಥ ಕಡ್ಡಿ ನೇರವಾಗಿ 1 ತೋರಿಸಿದರೆ ಸಂತೋಷಪಡಬೇಡಿ. ಸುಮಾರು 48 ಓಮ್ ನಷ್ಟ ಎಲ್ಲೋ ಅಡಗಿದೆ ಎಂದೇ ಅದರ ಅರ್ಥ.

ಆದ್ದರಿಂದ ಮೊದಲು ನಷ್ಟ ತಗ್ಗಿಸಬೇಕು, ಹೊಂದಿಕೆ ಆಮೇಲೆ. ದಪ್ಪ ತಂತಿಯ ಸುರುಳಿ ಬೇಕು, ಬಾಗಿಲು, ಬಾನೆಟ್, ಸೈಲೆನ್ಸರ್‌ಗಳನ್ನು ಅಗಲವಾದ ತಾಮ್ರದ ಪಟ್ಟಿಯಿಂದ ಕಾರಿನ ಮೈಗೆ ಬೆಸೆಯಬೇಕು. ಸುರುಳಿಯನ್ನು ಕಡ್ಡಿಯ ನಡುವಿಗೆ ಏರಿಸಿದರೆ ವಿಕಿರಣ ರೋಧವೂ ಹೆಚ್ಚುತ್ತದೆ. ಒಟ್ಟು ರೋಧ 15 ಓಮ್ ಇದ್ದಾಗ ಕಡ್ಡಿಯನ್ನು ಅನುರಣನಕ್ಕಿಂತ ತುಸು ಗಿಡ್ಡಮಾಡಿ ಬುಡದಿಂದ ಕಾರಿನ ಮೈಗೆ 0.73 ಮೈಕ್ರೋಹೆನ್ರಿಯ ಪುಟ್ಟ ಸುರುಳಿ ಕಟ್ಟಿದರೆ 50 ಓಮ್ ಸಿಗುತ್ತದೆ. ಕಡ್ಡಿಯಲ್ಲಿ ಸೇರುವ ಸ್ಥಿರ ವಿದ್ಯುತ್ತೂ ಅದರ ಮೂಲಕ ಇಳಿದುಹೋಗುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿನ ಟ್ಯೂನರ್ ಈ ಕೆಲಸಕ್ಕೆ ಸಾಲದು. ಅದು ರೇಡಿಯೋವನ್ನು ಸಮಾಧಾನಪಡಿಸುತ್ತದೆ, ಕೇಬಲ್‌ನ ಹೊಂದಿಕೆಯಿಲ್ಲದ ಸ್ಥಿತಿ ಹಾಗೆಯೇ ಉಳಿಯುತ್ತದೆ.

ಈ ದಾರಿಯಲ್ಲಿ ಓಡಾಡುವ ಹ್ಯಾಮ್‌ಗಳಲ್ಲಿ ಒಂದು ಕೋರಿಕೆ: ಎಸ್‌ಡಬ್ಲ್ಯುಆರ್ ಒಂದನ್ನೇ ಬರೆದಿಡಬೇಡಿ. ಆಂಟೆನಾ ಅನಲೈಜರ್ ಅನ್ನು ಬುಡಕ್ಕೇ ಜೋಡಿಸಿ ರೋಧವನ್ನು ಅಳೆಯಿರಿ, ಜೊತೆಗೆ ಊರು, ಮಣ್ಣು, ತಿಂಗಳು ನಮೂದಿಸಿ. ಮೇಲಿನ ಊಹೆಯ ಅಂಕಿಗಳನ್ನು ತಿದ್ದಲು ಆ ಅಳತೆಗಳೇ ಬೇಕು.