ಲಾಜಿಕ್ ಕ್ಲಾಸಿನ ಹಾಜರಿಗೆ ಆಣೆಯೇ ಸಾಕ್ಷಿ

ಅಟೆಂಡೆನ್ಸ್ ಶಾರ್ಟೇಜ್ ಅಂದ್ರೆ ಎದೆ ಧಸಕ್ ಅನ್ನುತ್ತೆ, ಅಲ್ವಾ? ಈ ಭಯಕ್ಕೆ 800 ವರ್ಷದ ಇತಿಹಾಸ ಇದೆ.

1215ರಲ್ಲಿ ಪೋಪ್ ಪ್ರತಿನಿಧಿ ರಾಬರ್ಟ್ ಡಿ ಕೂರ್ಸೋ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ನಿಯಮಾವಳಿ ಕೊಟ್ಟ. ಅರಿಸ್ಟಾಟಲನ ತರ್ಕಶಾಸ್ತ್ರ ಪಾಠದಲ್ಲಿ ಇರಲೇಬೇಕು. ಕಲಾ ವಿಭಾಗದಲ್ಲಿ ಪಾಠ ಹೇಳೋಕೆ 21 ವರ್ಷ ತುಂಬಿರಬೇಕು, ಕನಿಷ್ಠ 6 ವರ್ಷ ಪಾಠ ಕೇಳಿರಬೇಕು.

ಯಾಕೆ 'ಕೇಳಿರಬೇಕು'? ಆಗ ಅಚ್ಚಿನ ಪುಸ್ತಕ ಇರಲಿಲ್ಲ. ಕೈಬರಹದ ಪ್ರತಿಗಳು ವಿಪರೀತ ದುಬಾರಿ. ಮೇಷ್ಟ್ರು ಓದಿ ವಿವರಿಸಿದ್ದನ್ನು ಕೇಳೋದೇ ಓದು. ಕ್ಲಾಸ್ ತಪ್ಪಿದರೆ ಪುಸ್ತಕವೇ ತಪ್ಪಿದ ಹಾಗೆ.

1252ರಲ್ಲಿ ಅಲ್ಲಿನ ಅಧ್ಯಾಪಕರ ಒಂದು ಬಣ ಇನ್ನೊಂದು ನಿಯಮ ತಂತು. ಪದವಿಗೆ ನಿಲ್ಲುವವನು ಅರಿಸ್ಟಾಟಲನ 'ಹಳೆಯ ತರ್ಕ'ದ ಗ್ರಂಥಗಳನ್ನು ಎರಡು ಸಲ ವಿವರವಾಗಿ, ಒಂದು ಸಲ ವೇಗವಾಗಿ ಕೇಳಿದ್ದೇನೆ ಅಂತ ಪ್ರಮಾಣ ಮಾಡಬೇಕಿತ್ತು.

ಅಷ್ಟಕ್ಕೇ ಪಾಸಾ? ಇಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಎಲ್ಲರೆದುರು ನಿಂತು ವಾದ ಮಾಡಬೇಕು, ಪ್ರಶ್ನೆಗೆ ತೀರ್ಮಾನ ಹೇಳಬೇಕು. ನೂರಕ್ಕೆ ಇಷ್ಟು ಅನ್ನೋ ಅಂಕ ಇರಲಿಲ್ಲ.

ಅಂದರೆ ಹಾಜರಿ ಇದ್ದದ್ದು ವಾದಕ್ಕೆ ನಿಲ್ಲೋ ಅರ್ಹತೆಗೆ ಮಾತ್ರ. ಇವತ್ತು ಪುಸ್ತಕ ನಿಮ್ಮ ಫೋನಿನಲ್ಲೇ ಇದೆ. ಹಾಜರಿ ನಿಯಮ ಉಳಿದಿದೆ. ಎದ್ದು ನಿಂತು ವಾದಿಸೋ ಆ ಪರೀಕ್ಷೆ ನಿಮ್ಮ ಕಾಲೇಜಿನಲ್ಲಿ ಉಳಿದಿದೆಯಾ?