ದೊಡ್ಡ ಬಂಡಿಯ ಬಾಲಕ್ಕೊಂದು ಪುಟ್ಟ ಕಾರು

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ, ಕಾಫಿ ಲೋಟ ಇನ್ನೂ ಕೈಲಿರುವಾಗಲೇ, ಟೆಕ್ಸಸ್‌ನಿಂದ ಷಡ್ಡಕರ ಫೋನು. ನನ್ನಾಕೆಯ ಅಕ್ಕನ ಗಂಡ. ನಾನು ಕರೆಯುವುದು ಭಾವ ಅಂತ. ರಿಟೈರ್ ಆದ ಮೇಲೆ ಗಂಡ ಹೆಂಡತಿ ಸೇರಿ ಒಂದು ಮೋಟರ್‌ಹೋಮ್ ಕೊಂಡಿದ್ದಾರೆ. ಬಸ್ಸಿನೊಳಗೇ ಮನೆ ಅಂದುಕೊಳ್ಳಿ. ಮಲಗುವ ಕೋಣೆ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಅದರಲ್ಲೇ.

"ನೋಡಪ್ಪಾ, ನೀನು ಬ್ಯಾಂಕಿನಲ್ಲಿ ಎಷ್ಟೋ ಕಾರ್ ಲೋನ್ ಪಾಸ್ ಮಾಡಿದವನು. ಇದರ ಹಿಂದೆ ಕಟ್ಟಿ ಎಳೆಯೋಕೆ ಒಂದು ಸಣ್ಣ ಕಾರು ಬೇಕು. ಯಾವುದು ತಗೊಳ್ಳಲಿ, ಹೇಳು" ಅಂದರು.

"ಬಸ್ಸಿಗೊಂದು ಬಾಲ ಯಾಕೆ ಭಾವ?" ಅಂತ ನಗಾಡಿದೆ. ಅವರು ನಗಲಿಲ್ಲ. ಹಿಂದಿನ ತಿಂಗಳು ಯಾವುದೋ ಊರಾಚೆಯ ತಂಗುದಾಣದಲ್ಲಿ ರಾತ್ರಿ ಎರಡು ಗಂಟೆಗೆ ಅಕ್ಕನಿಗೆ ಉಬ್ಬಸ ಜೋರಾಯಿತಂತೆ. ಆಸ್ಪತ್ರೆ ಇಪ್ಪತ್ತು ಮೈಲಿ ದೂರ. ಮನೆಯನ್ನು ಹೊರಡಿಸಬೇಕಾದರೆ ಕರೆಂಟಿನ ವೈರು ಕೀಳಬೇಕು, ನೀರಿನ ಪೈಪು, ಕೊಳಚೆ ಪೈಪು ಬಿಚ್ಚಬೇಕು, ಕೆಳಗೆ ಊರಿದ ಜಾಕ್‌ಗಳನ್ನು ಎತ್ತಬೇಕು, ಹೊರಗೆ ಚಾಚಿದ ಗೋಡೆಯನ್ನು ಒಳಗೆಳೆದುಕೊಳ್ಳಬೇಕು. ಕೊನೆಗೆ ಪಕ್ಕದ ಬಂಡಿಯವರು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರಂತೆ. "ಅವತ್ತು ಅವರು ಇಲ್ಲದೇ ಹೋಗಿದ್ದರೆ..." ಅಂದು ಸುಮ್ಮನಾದರು.

ಕಾರಿನ ಸಾಲ ಮಂಜೂರು ಮಾಡುವುದು ಗೊತ್ತೇ ಹೊರತು ಕಾರನ್ನು ಬಾಲ ಮಾಡುವುದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಒಂದು ತಿಂಗಳು ಓದುವುದೇ ಆಯಿತು. ಓದುತ್ತಾ ಹೋದರೆ ಇದಕ್ಕೂ ಒಂದು ಇತಿಹಾಸ ಇದೆ, ಅದರೊಳಗೆ ನಮ್ಮೂರ ಪೊಲೀಸ್ ಜಿಪ್ಸಿಯ ನೆಂಟನೂ ಇದ್ದಾನೆ!

ಮೊದಲು ಕಾರು ಮುಂದೆ, ಮನೆ ಹಿಂದೆ ಇತ್ತು. 1910ರಲ್ಲಿ ಪಿಯರ್ಸ್-ಆರೋ ಕಂಪೆನಿ ಮಲಗಲು ಹಾಸಿಗೆಯಾಗುವ ಸೀಟಿರುವ ಕಾರೊಂದನ್ನು ಶ್ರೀಮಂತರಿಗಾಗಿ ಮಾಡಿತು. ಸಾಮಾನ್ಯರು ಫೋರ್ಡ್ ಕಾರಿಗೆ ಡೇರೆ ಕಟ್ಟಿಕೊಂಡು ಹೊರಟರು. 1919ರಲ್ಲಿ ಫ್ಲಾರಿಡಾದಲ್ಲಿ ಇಂಥವರ ಒಂದು ಸಂಘವೇ ಹುಟ್ಟಿತು, ಹೆಸರು 'ಟಿನ್ ಕ್ಯಾನ್ ಟೂರಿಸ್ಟ್ಸ್'. 1930ರ ದಶಕದಲ್ಲಿ ಏರ್‌ಸ್ಟ್ರೀಮ್‌ನಂಥ ಕಂಪೆನಿಗಳು ಕಾರಿನ ಹಿಂದೆ ಎಳೆಯುವ ಮನೆಗಳನ್ನು ತಂದವು. ಈ ಏರ್ಪಾಟಿನಲ್ಲಿ ತೊಂದರೆಯೇ ಇರಲಿಲ್ಲ. ಊರು ಮುಟ್ಟಿದ ಮೇಲೆ ಮನೆ ಬಿಚ್ಚಿಟ್ಟು ಕಾರಿನಲ್ಲಿ ಪೇಟೆಗೆ ಹೋಗಬಹುದಿತ್ತು.

1966ರಲ್ಲಿ ಅಯೋವಾ ರಾಜ್ಯದ ವಿನ್ನೆಬಾಗೊ ಕಂಪೆನಿ ಕಾರ್ಖಾನೆಯಲ್ಲಿ ಸಾಲಾಗಿ ಮೋಟರ್‌ಹೋಮ್ ಮಾಡತೊಡಗಿತು. ಬೆಲೆ ಇಳಿಯಿತು, ಮಧ್ಯಮವರ್ಗದವರೂ ಕೊಂಡರು. ಮನೆಗೇ ಎಂಜಿನ್ ಬಂತು. ಆದರೆ ಒಂದು ಲೀಟರ್ ಹಾಲಿಗೂ ಇಡೀ ಮನೆಯನ್ನೇ ಓಡಿಸಿಕೊಂಡು ಹೋಗಬೇಕು! 1973ರಲ್ಲಿ ತೈಲ ಬಿಕ್ಕಟ್ಟು ಬಂದು ಪೆಟ್ರೋಲ್ ತುಟ್ಟಿಯಾದಾಗ ಇದು ಇನ್ನಷ್ಟು ಚುಚ್ಚಿತು. ಹಾಗೆ ಮನೆ ಮುಂದೆ, ಕಾರು ಹಿಂದೆ ಆಯಿತು.

ಬಾಲವಾಗಿ ಮೊದಲು ಹೆಸರಾದವುಗಳಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಒಂದು. ಸುಮಾರು 800 ಕೆಜಿ ತೂಕ. ಮುಂದಿನ ಆಕ್ಸಲ್ಲಿನ ಕೊಳವೆಗಳಿಗೇ ಎಳೆಯುವ ಸರಳು ಬಿಗಿಯಬಹುದಿತ್ತು. ಎಲ್ಲಕ್ಕಿಂತ ಮುಖ್ಯ, ಕೈಯಿಂದ ಹಾಕುವ ಗೇರು.

ಈ ಕೈ ಗೇರಿನ ಮಾತಿಗೆ ನನ್ನದೇ ಅನುಭವ ಹೇಳಬೇಕು. 1998ರಲ್ಲಿ ನಮ್ಮ ಮಾರುತಿ 800 ಬೆಂಗಳೂರು ರಸ್ತೆಯಲ್ಲಿ ಶಾದ್‌ನಗರದ ಹತ್ತಿರ ಕೆಟ್ಟು ನಿಂತಿತು. ಪುಣ್ಯಾತ್ಮ ಲಾರಿ ಡ್ರೈವರೊಬ್ಬ ಹಗ್ಗ ಕಟ್ಟಿ ಶಂಶಾಬಾದಿನ ಗ್ಯಾರೇಜಿನವರೆಗೆ ಎಳೆದು ತಂದ. ಆಗ ಇಲ್ಲಿ ವಿಮಾನ ನಿಲ್ದಾಣ ಇರಲಿಲ್ಲ (ಅದು ಬಂದದ್ದು 2008ರಲ್ಲಿ), ನಾವೂ ಈ ಕಡೆ ಮನೆ ಮಾಡಿರಲಿಲ್ಲ. ಹೊರಡುವ ಮುಂಚೆ ಅವನು ಎರಡೇ ಮಾತು ಹೇಳಿದ: "ಗೇರು ನ್ಯೂಟ್ರಲ್‌ನಲ್ಲಿಡಿ ಸಾರ್. ಕೀ ಮಾತ್ರ ತೆಗೀಬೇಡಿ, ಸ್ಟೀರಿಂಗ್ ಲಾಕ್ ಆಗುತ್ತೆ." ಅಮೆರಿಕದವರು ಈ ವಿಷಯದ ಮೇಲೆ ಬರೆದ ಪುಟಗಟ್ಟಲೆ ಓದಿದ ಮೇಲೆ ನನಗನ್ನಿಸಿದ್ದು, ಅರ್ಧ ಶಾಸ್ತ್ರ ಆ ಎರಡು ಮಾತಿನಲ್ಲೇ ಇತ್ತು.

ಉಳಿದ ಅರ್ಧ ಹೀಗಿದೆ. ಎಂಜಿನ್ ಆರಿಸಿ ಕಾರನ್ನು ಎಳೆದರೆ ಚಕ್ರ ತಿರುಗುತ್ತದೆ, ಚಕ್ರದ ಜೊತೆ ಗೇರ್‌ಬಾಕ್ಸಿನ ಕೆಲವು ಭಾಗಗಳೂ ತಿರುಗುತ್ತವೆ. ಹೆಚ್ಚಿನ ಕೈ ಗೇರಿನ ಕಾರುಗಳಲ್ಲಿ ಹಲ್ಲುಚಕ್ರಗಳು ತಿರುಗುತ್ತಲೇ ತಳದ ಎಣ್ಣೆಯನ್ನು ಎರಚಿಕೊಳ್ಳುತ್ತವೆ, ತೊಂದರೆ ಕಡಿಮೆ. ಆಟೋಮ್ಯಾಟಿಕ್‌ನಲ್ಲಿ ಹಾಗಲ್ಲ. ಅಲ್ಲಿ ಎಣ್ಣೆ ಹರಿಸಲು ಒಂದು ಪಂಪ್ ಇದೆ, ಸಾಮಾನ್ಯವಾಗಿ ಅದನ್ನು ತಿರುಗಿಸುವುದು ಎಂಜಿನ್. ಎಂಜಿನ್ ಆರಿದೆ ಅಂದರೆ ಎಣ್ಣೆ ಇಲ್ಲ. ಒಳಗೆ ಲೋಹ ಲೋಹಕ್ಕೆ ಉಜ್ಜುತ್ತಾ ಕಾಯುತ್ತದೆ, ಮುಂದೆ ಕೂತವನಿಗೆ ಸದ್ದೂ ಕೇಳುವುದಿಲ್ಲ. ಇನ್ನೂರು ಮೈಲಿ ಆದ ಮೇಲೆ ಇಳಿದು ನೋಡಿದರೆ ಹೊಸ ಕಾರಿನ ಗೇರ್‌ಬಾಕ್ಸ್ ಗುಜರಿ.

ಇಲ್ಲಿಗೆ ನಮ್ಮ ಜಿಪ್ಸಿ ಬರುತ್ತದೆ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಹೊರಬಿತ್ತಲ್ಲ, ಅದಾಗಿ ಎರಡು ವರ್ಷಕ್ಕೆ, 1985ರಲ್ಲಿ, ಸುಜುಕಿಯ ಎಸ್‌ಜೆ 410 ಗಾಡಿಯನ್ನು ಮಾರುತಿಯವರು ಜಿಪ್ಸಿ ಅಂತ ತಂದರು. ಪೊಲೀಸರು, ಸೈನ್ಯ, ನಾಗರಹೊಳೆ ಬಂಡೀಪುರದ ಕಾಡು, ಎಲ್ಲ ಕಡೆ ಅದನ್ನು ನೋಡಿದ್ದೇವೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದರ ಒಡಹುಟ್ಟು 1.3 ಲೀಟರ್ ಎಂಜಿನ್ ಹಾಕಿಕೊಂಡು ಸಮುರಾಯ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಮೋಟರ್‌ಹೋಮಿನವರಿಗೆ ಅದು ಬಹಳ ಹಿಡಿಸಿತು.

ಕಾರಣ ಅದರ ಎರಡನೇ ಗೇರ್ ಲಿವರ್. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಗೇರ್‌ಬಾಕ್ಸಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚಲು ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಪೆಟ್ಟಿಗೆ ಇರುತ್ತದೆ. ಸಮುರಾಯ್‌ನಲ್ಲಿ ಅದಕ್ಕೂ ಒಂದು ನ್ಯೂಟ್ರಲ್ ಇತ್ತು. ಅದನ್ನು ನ್ಯೂಟ್ರಲ್‌ಗೆ ಹಾಕಿದರೆ ಚಕ್ರಕ್ಕೂ ಗೇರ್‌ಬಾಕ್ಸಿಗೂ ಸಂಬಂಧವೇ ಕಡಿಯಿತು. ಆದರೂ ಪೂರಾ ಮರೆತುಬಿಡುವ ಹಾಗಿಲ್ಲ. ಸುಜುಕಿಯ ಇಂಥ ಕೆಲವು ಗಾಡಿಗಳಿಗೆ ಇನ್ನೂರು ಮೈಲಿಗೊಮ್ಮೆ ನಿಲ್ಲಿಸಿ, ಎಂಜಿನ್ ಓಡಿಸಿ ಆ ಪೆಟ್ಟಿಗೆಗೆ ಎಣ್ಣೆ ಉಣಿಸಿ ಅಂತ ಕೈಪಿಡಿಯಲ್ಲೇ ಬರೆದಿತ್ತು. ದೂರದ ದಾರಿಯಲ್ಲಿ ಎತ್ತಿಗೆ ನೀರು ಕುಡಿಸಿದ ಹಾಗೆ!

1988ರಲ್ಲಿ ಅಲ್ಲಿನ ಗ್ರಾಹಕರ ಪತ್ರಿಕೆಯೊಂದು ಸಮುರಾಯ್ ತಿರುವಿನಲ್ಲಿ ಮಗುಚುತ್ತದೆ ಅಂತ ಬರೆಯಿತು. ಮಾರಾಟ ಕುಸಿಯಿತು, ಕೋರ್ಟಿಗೆ ಹೋದ ಜಗಳ ರಾಜಿಯಾದದ್ದು 2004ರಲ್ಲಿ. ಅಷ್ಟರಲ್ಲಿ, 1995ರಲ್ಲೇ, ಸಮುರಾಯ್ ಅಮೆರಿಕದಿಂದ ಹೋಗಿತ್ತು. ಅದರ ಜಾಗಕ್ಕೆ ಬಂದವುಗಳಲ್ಲಿ ಸ್ಯಾಟರ್ನ್ ಹೆಸರುವಾಸಿ. ಅದರ ಎಸ್ ಸರಣಿಯ ಕಾರುಗಳನ್ನು, ಆಟೋಮ್ಯಾಟಿಕ್ ಆಗಿದ್ದರೂ, ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯಬಹುದಿತ್ತು. 2010ರಲ್ಲಿ ಆ ಕಂಪೆನಿಯೇ ಮುಚ್ಚಿತು. ಹೋಂಡಾ ಸಿಆರ್-ವಿ 2014ರ ಮಾದರಿಯವರೆಗೆ ಸರಿ. 2015ರಲ್ಲಿ ಸಿವಿಟಿ ಎಂಬ ಬೇರೆ ಬಗೆಯ ಗೇರ್‌ಬಾಕ್ಸ್ ಬಂತು, ಎಳೆಯುವ ಅನುಮತಿ ಹೋಯಿತು. ಫೋರ್ಡ್ ಫಿಯೆಸ್ಟಾ, ಹೋಂಡಾ ಫಿಟ್, ಶೆವ್ರೊಲೆ ಸ್ಪಾರ್ಕ್ ಒಂದೊಂದಾಗಿ ಆ ಮಾರುಕಟ್ಟೆ ಬಿಟ್ಟವು. ಎಲೆಕ್ಟ್ರಿಕ್ ಕಾರು ಆಗಬಹುದೇ ಅಂದರೆ, ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ, ಆದ್ದರಿಂದ ಹೆಚ್ಚಿನವು ಬೇಡ ಅನ್ನುತ್ತವೆ. ಈಗ ಈ ಕೆಲಸಕ್ಕೆ ಮೊದಲು ಕೇಳಿಬರುವ ಹೆಸರು ಜೀಪ್ ರ್‍ಯಾಂಗ್ಲರ್. ಅದೂ ಆ ಎರಡನೇ ಲಿವರ್‌ನ ದೆಸೆಯಿಂದಲೇ.

ನಮ್ಮಲ್ಲಿ ಇದೆಲ್ಲ ಯಾಕೆ ಬೆಳೆಯಲಿಲ್ಲ? ಓಡಾಡುವ ಮನೆ ಹೈದರಾಬಾದಿಗೆ ಹೊಸದೇನಲ್ಲ. 1982ರಲ್ಲಿ ಪಕ್ಷ ಕಟ್ಟಿದ ಎನ್.ಟಿ. ರಾಮರಾವ್ ಹಳೇ ಶೆವ್ರೊಲೆ ವ್ಯಾನೊಂದನ್ನು 'ಚೈತನ್ಯ ರಥಂ' ಮಾಡಿಕೊಂಡು, ಮಗ ಹರಿಕೃಷ್ಣ ಓಡಿಸುತ್ತಿದ್ದಂತೆ, ತಿಂಗಳುಗಟ್ಟಲೆ ಆಂಧ್ರ ಸುತ್ತಿ 1983ರ ಜನವರಿಯಲ್ಲಿ ಗೆದ್ದರು. ಆದರೆ ನಮ್ಮಲ್ಲಿ ದೊಡ್ಡ ಗಾಡಿಯ ಹಿಂದೆ ಚಿಕ್ಕ ಗಾಡಿ ಬೇಕೆಂದರೆ ಇನ್ನೊಬ್ಬ ಡ್ರೈವರ್‌ನನ್ನು ಇಟ್ಟುಕೊಳ್ಳುತ್ತೇವೆ, ಅಷ್ಟೆ. ಕಾನೂನೂ ಹಾಗೇ ಇತ್ತು. 1989ರ ರಸ್ತೆ ನಿಯಮಗಳ ಪ್ರಕಾರ ನೋಂದಾಯಿತ ಟ್ರೇಲರ್, ಸೈಡ್‌ಕಾರ್ ಬಿಟ್ಟರೆ ಕೆಟ್ಟು ನಿಂತ ಗಾಡಿ ಅಥವಾ ಪೂರ್ತಿ ಜೋಡಿಸದ ಗಾಡಿಯನ್ನು ಮಾತ್ರ ಎಳೆಯಬಹುದು. ಮುಂದಿನ ಚಕ್ರ ಎತ್ತಿ ಕಟ್ಟದಿದ್ದರೆ ಒಳಗೆ ಲೈಸೆನ್ಸ್ ಇರುವವನು ಕೂತಿರಬೇಕು, ಎರಡರ ನಡುವೆ ಐದು ಮೀಟರ್ ಮೀರಬಾರದು, ವೇಗ ಗಂಟೆಗೆ 24 ಕಿ.ಮೀ. ದಾಟಬಾರದು. 2017ರಲ್ಲಿ ಆ ಜಾಗಕ್ಕೆ ಬೇರೆ ನಿಯಮಾವಳಿ ಬಂತು. ಅಲ್ಲಿಯಂತೆ ಖಾಲಿ ಕಾರನ್ನು ಕಟ್ಟಿಕೊಂಡು ಹೈವೇಯಲ್ಲಿ ಹಾರುವ ಪದ್ಧತಿ ಮಾತ್ರ ನಮ್ಮದಲ್ಲ.

ಮತ್ತೆ ಭಾವನ ವಿಷಯಕ್ಕೆ ಬರೋಣ. ಅವರು ಒಂದು ಮುದ್ದಾದ ಆಟೋಮ್ಯಾಟಿಕ್ ಕಾರು ನೋಡಿ ಅಡ್ವಾನ್ಸ್ ಕೊಡುವುದರಲ್ಲಿದ್ದರು. ಮಾರುವವನು "ಧಾರಾಳವಾಗಿ ಎಳೆಯಬಹುದು" ಅಂದಿದ್ದನಂತೆ. "ಅವನ ಬಾಯಿಮಾತು ಬೇಡ ಭಾವ, ಆ ವರ್ಷದ ಕೈಪಿಡಿಯಲ್ಲಿ ಏನಿದೆ ಓದಿ ಹೇಳಿ" ಅಂದೆ. ಸಾಲದ ಫೈಲಿನಲ್ಲಿ ನಾವು ಮೂಲ ದಾಖಲೆ ಕೇಳುವುದಿಲ್ಲವೇ, ಹಾಗೆ. ಓದಿದರು. ನಾಲ್ಕೂ ಚಕ್ರ ನೆಲದಲ್ಲಿಟ್ಟು ಎಳೆಯಕೂಡದು ಅಂತ ಸ್ಪಷ್ಟವಾಗಿ ಇತ್ತು.

ಆಮೇಲೆ ಲೆಕ್ಕ ಹಾಕಿದೆವು. ಗಾಡಿ ಮತ್ತು ಬಾಲ ಸೇರಿ ಒಟ್ಟು ಮಿತಿ 23,000 ಪೌಂಡು. ನೀರು, ಸಾಮಾನು, ಜನ ಎಲ್ಲ ತುಂಬಿ ತೂಗಿಸಿದಾಗ ಮನೆಯೇ 17,500. ಉಳಿದದ್ದು 5,500. ಆದರೆ ಹಿಂದಿನ ಕೊಕ್ಕೆಯ ಮಿತಿ 5,000. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕಕ್ಕೆ, ಅಂದರೆ ಸುಮಾರು 2,270 ಕೆಜಿ. ಜೊತೆಗೆ ಹಿಂದಿನ ಕಾರಿಗೆ ಬೇರೆ ಬ್ರೇಕಿನ ಏರ್ಪಾಟು ಬೇಕೇ ಬೇಕು. ಮನೆಯ ಬ್ರೇಕು ಮನೆಯ ಭಾರಕ್ಕೆ ಮಾಡಿದ್ದು, ಹಿಂದಿನಿಂದ ತಳ್ಳುವ ಒಂದೂವರೆ ಟನ್ನಿಗಲ್ಲ.

ಕೊನೆಗೆ ಕೊಂಡದ್ದು 2013ರ ಸಿಆರ್-ವಿ, ಸುಮಾರು 1,550 ಕೆಜಿ. ಹೊರಡುವ ಮುಂಚೆ ಅದಕ್ಕೊಂದು ಪೂಜೆಯೇ ಇದೆ. ಎಂಜಿನ್ ಚಾಲೂ ಮಾಡಿ ಎಲ್ಲ ಗೇರುಗಳನ್ನೂ ಮುಟ್ಟಿಸಿ, ಡಿಗೆ ತಂದು, ಅಲ್ಲಿಂದ ನ್ಯೂಟ್ರಲ್‌ಗೆ ಹಾಕಿ, ಮೂರು ನಿಮಿಷ ಓಡಿಸಿ ಆರಿಸಬೇಕು. ಸ್ಟೀರಿಂಗ್ ಲಾಕ್ ಆಗದಂತೆ ಕೀ ಬಿಡಬೇಕು. 65 ಮೈಲಿ ವೇಗ ಮೀರಬಾರದು. ಇನ್ನೊಂದು ಮಾತು: ಕಾರು ಕಟ್ಟಿಕೊಂಡು ರಿವರ್ಸ್ ಹೋಗುವಂತಿಲ್ಲ. ಹಿಂದೆ ಸರಿದರೆ ಕಾರಿನ ಮುಂಚಕ್ರಗಳು ತಮ್ಮಷ್ಟಕ್ಕೆ ಓರೆಯಾಗಿ ಮಡಚಿಕೊಳ್ಳುತ್ತವೆ. ದಾರಿ ತಪ್ಪಿದರೆ ಬಿಚ್ಚಿಯೇ ತಿರುಗಿಸಬೇಕು.

ಭಾವನಿಗೆ ಮರೆವು ಜಾಸ್ತಿ. ಅದಕ್ಕೆ ನಮ್ಮ ಸ್ಟ್ರಾಂಗ್‌ರೂಮಿನ ಪದ್ಧತಿ ಹೇಳಿಕೊಟ್ಟೆ. ಅಲ್ಲಿ ಎರಡು ಕೀ, ಇಬ್ಬರು ಆಫೀಸರು, ಒಬ್ಬರೇ ತೆರೆಯುವಂತಿಲ್ಲ. ಹಾಗೇ ಇವರು ಕಟ್ಟುವುದು, ಅಕ್ಕ ಪಟ್ಟಿ ಹಿಡಿದು ಒಂದೊಂದೇ ಟಿಕ್ ಹಾಕುವುದು. ಊರು ಮುಟ್ಟಿದ ಮೇಲೆ ಕಾರಿನ ಕೀ ಅಕ್ಕನ ತಲೆದಿಂಬಿನ ಪಕ್ಕ.

ಈ ಫೆಬ್ರವರಿಯಲ್ಲಿ ಮತ್ತೆ ಒಂದು ರಾತ್ರಿ ಉಬ್ಬಸ ಬಂತಂತೆ. ಹನ್ನೊಂದು ನಿಮಿಷಕ್ಕೆ ಆಸ್ಪತ್ರೆಯ ಬಾಗಿಲಲ್ಲಿದ್ದರಂತೆ. ಫೋನಿನಲ್ಲಿ ಅಕ್ಕ ಹೇಳಿದ್ದಿಷ್ಟೇ: "ಬಾಲ ಅಂತ ನಗಾಡಿದ್ರಲ್ಲ, ಅದೇ ನೋಡಿ ನನ್ನ ಉಳಿಸಿದ್ದು."

ಸಂಜೆ ಹೊತ್ತು ಇಲ್ಲಿ ಬೆಂಗಳೂರು ಹೈವೇ ಪಕ್ಕ ವಾಕಿಂಗ್ ಹೋಗುವಾಗ, ಲಾರಿ ಹಿಂದೆ ಹಗ್ಗ ಕಟ್ಟಿಸಿಕೊಂಡು ಬರುವ ಯಾವುದಾದರೂ ಕಾರು ಕಂಡರೆ ಈಗ ನಿಂತು ನೋಡುತ್ತೇನೆ. ಒಳಗೆ ಕೂತವರು ಗೇರು ನ್ಯೂಟ್ರಲ್‌ಗೆ ಹಾಕಿದ್ದಾರೋ, ಕೀ ಬಿಟ್ಟಿದ್ದಾರೋ ಅಂತ ಮನಸ್ಸಿನಲ್ಲೇ ಒಂದು ಟಿಕ್ ಹಾಕುತ್ತೇನೆ.