ನೂರ್ ಇನಾಯತ್ ಖಾನ್: ಕೊಡದೆ ಉಳಿದ ವಚನ

ಗೂಢಚಾರಿಕೆಗೂ ಸತ್ಯವ್ರತಕ್ಕೂ ಹೊಂದಿಕೆಯಾಗುವುದೆ? ಸ್ಥೂಲವಾದ ಸುಳ್ಳನ್ನಷ್ಟೇ ಅಲ್ಲ, ಪರರಿಗೆ ವಿಪತ್ತು ತರುವ ನಿಜವನ್ನೂ ಶ್ರಾವಕನು ನುಡಿಯಬಾರದೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ವಿಧಿಸಿದ್ದಾರೆ. ಆ ಮಾತನ್ನು ಒರೆಗೆ ಹಚ್ಚಿದಂತಿರುವ ಬಾಳೊಂದು ಮೈಸೂರಿನ ಟಿಪ್ಪು ಸುಲ್ತಾನನ ವಂಶದ ಕುಡಿಯದು.

ನೂರ್ ಇನಾಯತ್ ಖಾನ್ 1914ರ ಜನವರಿ 1ರಂದು ಮಾಸ್ಕೋದಲ್ಲಿ ಜನಿಸಿದಳು. ತಂದೆ ಇನಾಯತ್ ಖಾನರು ಸೂಫಿ ಸಾಧಕರು, ವೀಣಾವಾದಕರು, ತಾಯಿ ಅಮೆರಿಕದವರು. ತಂದೆಯ ಮಾತಾಮಹ ಮೌಲಾ ಬಕ್ಷ್ ಮೈಸೂರು ಅರಮನೆಯಲ್ಲಿ ಮನ್ನಣೆ ಪಡೆದ ಗಾಯಕರು. ಟಿಪ್ಪುವಿನ ಮೊಮ್ಮಗಳನ್ನು ವರಿಸಿದ್ದರೆಂಬುದು ಮನೆತನದ ಹೇಳಿಕೆ. ಪ್ಯಾರಿಸ್ಸಿನ ಬಳಿ ಬೆಳೆದ ನೂರ್ ಮಕ್ಕಳಿಗೆ ಕಥೆ ಬರೆಯುತ್ತಿದ್ದಳು. ಇಪ್ಪತ್ತು ಜಾತಕಕಥೆಗಳ ಆಕೆಯ ಪುಸ್ತಕ ಅಚ್ಚಾದುದು 1939ರಲ್ಲಿ, ಮಹಾಯುದ್ಧ ತೊಡಗಿದ ವರ್ಷವೇ.

1940ರಲ್ಲಿ ಫ್ರಾನ್ಸ್ ಜರ್ಮನರ ವಶವಾಗಲು ಕುಟುಂಬ ಇಂಗ್ಲೆಂಡಿಗೆ ತೆರಳಿತು. ಅಹಿಂಸೆಯನ್ನು ನಂಬಿದ್ದ ನೂರ್ ಮತ್ತು ತಮ್ಮ ವಿಲಾಯತ್, ಕೊಲ್ಲದೆಯೇ ಪ್ರಾಣಾಪಾಯವನ್ನು ಹೊರುವ ಕೆಲಸವನ್ನು ಅರಸಿದರು. ಆಕೆ ಕಲಿತದ್ದು ನಿಸ್ತಂತು ವಿದ್ಯೆ. ಇಬ್ಬಗೆಯ ನಡೆ ತನಗೆ ಒಗ್ಗದೆಂದು ತರಬೇತಿಯಲ್ಲೇ ಹೇಳಿಕೊಂಡಿದ್ದಳು. ಇಂಥವಳು ಈ ಕೆಲಸಕ್ಕೆ ಸಲ್ಲಳೆಂದು ಕೆಲವು ಅಧಿಕಾರಿಗಳು ಎಣಿಸಿದ್ದರಲ್ಲಿ ಅಚ್ಚರಿಯಿಲ್ಲ. ಆದರೂ 1943ರ ಜೂನ್ 16ರ ರಾತ್ರಿ ವಿಮಾನವೊಂದು ಆಕೆಯನ್ನು ಫ್ರಾನ್ಸಿಗೆ ಒಯ್ದಿತು. ಗುಪ್ತನಾಮ ‘ಮದ್ಲೇನ್’. ಕೆಲವೇ ದಿನಗಳಲ್ಲಿ ಜತೆಗಾರರು ಸೆರೆಯಾದರು. ಲಂಡನ್ನಿನವರು ಮರಳಿ ಕರೆದರೂ ಒಪ್ಪದೆ, ಯಂತ್ರದ ಪೆಟ್ಟಿಗೆಯನ್ನು ಹೊತ್ತು ಮನೆಯಿಂದ ಮನೆಗೆ ಅಲೆಯುತ್ತ ಅಕ್ಟೋಬರಿನವರೆಗೂ ಸಂದೇಶಗಳನ್ನು ಕಳುಹಿಸಿದಳು.

ಆಕೆಯ ಒಂದು ತಪ್ಪನ್ನು ಮರೆಮಾಚಲಾಗದು. ಕಳುಹಿಸಿದ ಸಂದೇಶಗಳ ಪ್ರತಿಗಳನ್ನು ನಾಶಮಾಡದೆ ಇರಿಸಿಕೊಂಡಿದ್ದಳು. ಸೆರೆಯಾದಾಗ ಅವು ಶತ್ರುವಿನ ಕೈಸೇರಿ, ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸಂದೇಶಗಳು ಹೋದವು. ಅವನ್ನು ನಂಬಿ ಕಳುಹಿಸಿದ ಗೂಢಚಾರರು ಬಂದಿಳಿಯುತ್ತಲೇ ಸಿಕ್ಕಿಬಿದ್ದರು. ಲಂಡನ್ನಿನ ಎಚ್ಚರಗೇಡಿನ ಪಾಲೂ ಇದರಲ್ಲಿ ಕಿರಿದಲ್ಲ.

ವಿಚಾರಣೆಯಲ್ಲಿ ಒಡನಾಡಿಗಳ ಸುಳಿವನ್ನು ಆಕೆ ಬಿಟ್ಟುಕೊಡಲಿಲ್ಲ. ನವೆಂಬರಿನಲ್ಲಿ ಮತ್ತಿಬ್ಬರು ಕೈದಿಗಳೊಡನೆ ಮಾಡಿನ ಮೇಲೇರಿ ಪಾರಾಗಲು ಯತ್ನಿಸಿ ಸಿಕ್ಕಿಬಿದ್ದಳು. ಇನ್ನು ತಪ್ಪಿಸಿಕೊಳ್ಳುವುದಿಲ್ಲವೆಂದು ಮಾತು ಕೊಡುವಂತೆ ಜರ್ಮನರು ಕೇಳಿದರು. ತಿಂಗಳುಗಟ್ಟಲೆ ಬೇರೊಬ್ಬಳ ಹೆಸರಿನಲ್ಲಿ ಬದುಕಿದವಳಿಗೆ, ಶತ್ರುವಿಗೆ ಕೊಡುವ ಒಂದು ಸುಳ್ಳು ವಚನ ಯಾವ ಲೆಕ್ಕದ್ದು? ಆಕೆ ಕೊಡಲಿಲ್ಲ.

ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯ ಒಂಟಿ ಕೋಣೆಯಲ್ಲಿ, ಕೈಕಾಲುಗಳಿಗೆ ಸರಪಳಿ ಬಿಗಿದು, ಸುಮಾರು ಹತ್ತು ತಿಂಗಳು ಇರಿಸಿದರು. ಊಟದ ಪಾತ್ರೆಯ ತಳದಲ್ಲಿ ಅಕ್ಷರಗಳನ್ನು ಗೀರಿ, ಇತರ ಸೆರೆಯಾಳುಗಳಿಗೆ ತನ್ನ ಇರವನ್ನು ತಿಳಿಸುತ್ತಿದ್ದಳು. 1944ರ ಸೆಪ್ಟೆಂಬರ್ 13ರಂದು ಡಕಾವ್ ಶಿಬಿರದಲ್ಲಿ ಇನ್ನೂ ಮೂವರು ಮಹಿಳಾ ಗೂಢಚಾರರೊಡನೆ ಆಕೆಯನ್ನು ಕೊಂದರು. ಆಗ ಆಕೆಗೆ 30 ವರ್ಷ.